ಮುಂದಿನ ವರ್ಷ ಬರುತ್ತಂತೆ

ರೇಸಿನಲ್ಲಿ ಸೋಲುವುದು ಅಂದರೆ ಏನೆಂದು ಫಾರ್ಮುಲಾ ಒನ್ ನೋಡುವವರಿಗೆ ಹೇಳಿಕೊಡಬೇಕಾಗಿಲ್ಲ. 2008ರ ನವೆಂಬರ್ 2ರಂದು ಬ್ರೆಜಿಲ್‌ನ ಇಂಟರ್‌ಲಾಗೋಸ್‌ನಲ್ಲಿ ಫೆಲಿಪೆ ಮಾಸಾ ತನ್ನ ಊರಿನವರ ಎದುರೇ ರೇಸ್ ಗೆದ್ದ. ಚಾಂಪಿಯನ್‌ಷಿಪ್ಪೂ ಸಿಕ್ಕಿತೆಂದು ಫೆರಾರಿ ಗ್ಯಾರೇಜಿನಲ್ಲಿ ಅವನ ಮನೆಯವರು ಕುಣಿಯತೊಡಗಿದರು. ಅಷ್ಟರಲ್ಲಿ ಹಿಂದೆ, ಕೊನೆಯ ಲ್ಯಾಪಿನ ಕೊನೆಯ ತಿರುವುಗಳಲ್ಲಿ, ಲೂಯಿಸ್ ಹ್ಯಾಮಿಲ್ಟನ್ ಟಿಮೊ ಗ್ಲಾಕ್‌ನನ್ನು ದಾಟಿ ಐದನೆಯವನಾದ. ಒಂದೇ ಒಂದು ಅಂಕದಿಂದ ಪ್ರಶಸ್ತಿ ಅವನದಾಯಿತು. ಮಾಸಾ ಪೋಡಿಯಂ ಮೇಲೆ ನಿಂತು ಎದೆ ತಟ್ಟಿಕೊಂಡದ್ದನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ಇಂಥ ಸೋಲಿಗೆ ಒಂದು ಗಳಿಗೆ ಅಂತ ಇರುತ್ತದೆ. ಅಳಬಹುದು, ಗ್ಲಾಕ್‌ನನ್ನು ಬೈಯಬಹುದು, ಮುಂದಿನ ಮಾರ್ಚ್‌ಗೆ ಕಾಯಬಹುದು.

ನಮಗೆ ಆದದ್ದು ಇನ್ನೊಂದು ಬಗೆಯ ಸೋಲು. ನಮ್ಮ ಡ್ರೈವರ್ ಸೋಲಲಿಲ್ಲ, ನಮ್ಮ ತಂಡ ಸೋಲಲಿಲ್ಲ. ರೇಸೇ ನಮ್ಮ ಕೈಬಿಟ್ಟು ಹೋಯಿತು. ಅದೂ ಯಾವತ್ತು ಹೋಯಿತು ಎಂದು ದಿನಾಂಕ ಹೇಳಲಾಗದ ಹಾಗೆ.

ನಾನು ಮೂಡಿಗೆರೆ ಕಡೆಯವನು. ಸುರತ್ಕಲ್ಲಿನಲ್ಲಿ ಎಂ.ಟೆಕ್ ಮುಗಿಸಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೋಡ್ ಬರೆದು, 2010ರಲ್ಲಿ ನೊಯ್ಡಾಕ್ಕೆ ಬಂದೆ. ಹಿಂದಿ ಬರುತ್ತಿರಲಿಲ್ಲ, ಚಳಿ ಒಗ್ಗುತ್ತಿರಲಿಲ್ಲ, ತಿಂಡಿಗೆ ದಿನಾ ಪರಾಠ. ಊರಿಂದ ಫೋನು ಬಂದಾಗಲೆಲ್ಲ ಅಮ್ಮ ಕೇಳುತ್ತಿದ್ದದ್ದು ಒಂದೇ, ‘ಅಲ್ಲಿ ಏನುಂಟು ಅಂತ ಹೋಗಿದ್ದೀಯ?’ 2011ರಲ್ಲಿ ಮೊದಲ ಬಾರಿಗೆ ನನ್ನ ಹತ್ತಿರ ಅದಕ್ಕೆ ಉತ್ತರ ಇತ್ತು. ಗ್ರೇಟರ್ ನೊಯ್ಡಾದಲ್ಲಿ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್ ಎದ್ದಿತ್ತು. ಹರ್ಮನ್ ಟಿಲ್ಕೆ ವಿನ್ಯಾಸ ಮಾಡಿದ 5.125 ಕಿಲೋಮೀಟರಿನ ಟ್ರ್ಯಾಕು, ಹದಿನಾರು ತಿರುವು. ಸಣ್ಣವನಿದ್ದಾಗ ದೂರದರ್ಶನದ ಸುದ್ದಿಯಲ್ಲಿ ಅರೆ ನಿಮಿಷ ಕಾಣುತ್ತಿದ್ದ ಕಾರುಗಳು ನಮ್ಮ ಆಫೀಸಿನ ಹತ್ತಿರವೇ ಬರುವುದಿತ್ತು.

ಎರಡೂವರೆ ಸಾವಿರದ ಟಿಕೆಟ್ ತೆಗೆದುಕೊಂಡೆವು. ನಾನು, ಆಫೀಸಿನ ಹುಬ್ಬಳ್ಳಿಯ ಗೆಳೆಯ, ಮೈಸೂರಿನ ಇನ್ನೊಬ್ಬ, ಬೆಂಗಳೂರಿನಿಂದ ಬಂದಿಳಿದ ಇಬ್ಬರು. ಆ ವಾರಾಂತ್ಯ ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ರದ್ದಾಗಿ, ರೇಸಿನ ದಿನವೇ ಅವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡುವುದಿತ್ತು. ಊರಿನ ಗೆಳೆಯನೊಬ್ಬ ಮೆಸೇಜು ಹಾಕಿದ: ‘ನಿಮ್ಗೆ ಕಾರು, ನಮ್ಗೆ ಗಿಟಾರು. ಲೆಕ್ಕ ಚುಕ್ತಾ.’

ಅಕ್ಟೋಬರ್ 30ರ ಮಧ್ಯಾಹ್ನ ಮೂರಕ್ಕೆ ರೇಸು ಶುರುವಾಯಿತು. ಟಿವಿಯಲ್ಲಿ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುವ ವಿ8 ಎಂಜಿನ್ನಿನ ಸದ್ದು ಅಲ್ಲಿ ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯಿತು. ಮೈಸೂರಿನವನು ಕಿವಿಗೆ ತುರುಕಿಕೊಂಡಿದ್ದ ಹತ್ತಿಯನ್ನು ಎರಡನೆಯ ಲ್ಯಾಪಿಗೇ ಕಿತ್ತೆಸೆದ. ಹಿಂದಿನ ವಾರಗಳಲ್ಲಿ ತೀರಿಕೊಂಡಿದ್ದ ಡ್ಯಾನ್ ವೆಲ್ಡನ್ ಮತ್ತು ಮಾರ್ಕೊ ಸಿಮೊನ್ಚೆಲ್ಲಿಗಾಗಿ ರೇಸಿಗೆ ಮುಂಚೆ ಒಂದು ನಿಮಿಷ ಮೌನ ಆಚರಿಸಿದ್ದರು. ಶುಕ್ರವಾರದ ಅಭ್ಯಾಸದ ವೇಳೆ ಟ್ರ್ಯಾಕಿಗೆ ನಾಯಿ ನುಗ್ಗಿ ಜಗತ್ತೆಲ್ಲ ನಕ್ಕಿತ್ತು, ನಾವೂ ನಕ್ಕಿದ್ದೆವು. ವೆಟ್ಟೆಲ್ ಮೊದಲಿಂದ ಕೊನೆಯವರೆಗೂ ಮುಂದೆಯೇ ಇದ್ದ. ಆದರೆ ಸ್ಟ್ಯಾಂಡಿನಲ್ಲಿ ಎದ್ದ ಗದ್ದಲ ಹಿಂದಿನ ಸಾಲಿನ ಕಾರಿಗಾಗಿ. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಎಚ್‌ಆರ್‌ಟಿ ಎಂಬ ಬಡಪಾಯಿ ತಂಡದ ಕಾರಿನಲ್ಲಿ ಹಾದುಹೋದಾಗಲೆಲ್ಲ ನಾವು ಐದೂ ಜನ ಎದ್ದು ನಿಲ್ಲುತ್ತಿದ್ದೆವು. ಅವನು ಹದಿನೇಳನೆಯವನಾಗಿ ಮುಗಿಸಿದ. ಅದು ನಮಗೆ ಗೆಲುವೇ.

ಮುಂದಿನ ವರ್ಷ ಸ್ವಲ್ಪ ಬೇರೆಯಿತ್ತು. ಮೊದಲ ಸಲ ಸುಮಾರು 95,000 ಜನ ಬಂದಿದ್ದರೆ 2012ರಲ್ಲಿ 65,000 ಎಂದು ವರದಿಯಾಯಿತು. ಬೆಂಗಳೂರಿನ ಉದ್ಯಮಿ ಕಟ್ಟಿದ ಫೋರ್ಸ್ ಇಂಡಿಯಾ ತಂಡಕ್ಕೆ ಕೂಗು ಹಾಕೋಣವೆಂದರೆ, ಅದೇ ತಿಂಗಳು ಅವರ ಕಿಂಗ್‌ಫಿಷರ್ ವಿಮಾನಗಳು ನೆಲಕ್ಕಿಳಿದು, ನೌಕರರು ಸಂಬಳವಿಲ್ಲದೆ ಕೂತಿದ್ದರು. ತಂಡದ ಟೋಪಿ ಬ್ಯಾಗಿನಲ್ಲೇ ಉಳಿಯಿತು.

2013ರ ಅಕ್ಟೋಬರ್ 27. ವೆಟ್ಟೆಲ್ ಮೂರನೆಯ ಸಲವೂ ಇಲ್ಲೇ ಗೆದ್ದು, ಅದರೊಂದಿಗೆ ನಾಲ್ಕನೆಯ ವಿಶ್ವ ಪ್ರಶಸ್ತಿಯನ್ನೂ ಗೆದ್ದ. ನಿಯಮದ ಪ್ರಕಾರ ಕಾರನ್ನು ನೇರ ಒಳಗೆ ಒಯ್ಯಬೇಕಿತ್ತು. ಅವನು ಗ್ರ್ಯಾಂಡ್‌ಸ್ಟ್ಯಾಂಡ್ ಎದುರಿನಲ್ಲೇ ಗಿರಗಿರನೆ ಸುತ್ತಿಸಿ ಹೊಗೆಯೆಬ್ಬಿಸಿ ನಿಲ್ಲಿಸಿದ. ಇಳಿದು ಕಾರಿಗೆ ಅಡ್ಡಬಿದ್ದ. ಬೇಲಿ ಹತ್ತಿ ತನ್ನ ಗ್ಲೌಸನ್ನು ಜನರತ್ತ ಎಸೆದ. ತಂಡಕ್ಕೆ 25,000 ಯೂರೋ ದಂಡ ಬಿತ್ತು. ಜನ ಹುಚ್ಚೆದ್ದು ಕೂಗಿದರು. ಅಷ್ಟೊಂದು ಸಂಭ್ರಮ ಪಟ್ಟ ನಾವೆಲ್ಲ ಆಗ ನಂಬಿದ್ದು ಇಷ್ಟು: 2014ರಲ್ಲಿ ರೇಸ್ ಇಲ್ಲ, ವೇಳಾಪಟ್ಟಿಯ ಹೊಂದಾಣಿಕೆಗಾಗಿ ಒಂದು ವರ್ಷ ಬಿಟ್ಟು 2015ಕ್ಕೆ ಮತ್ತೆ ಬರುತ್ತದೆ.

ಬರಲಿಲ್ಲ. 2015 ಎಂದದ್ದು 2016 ಎಂದಾಯಿತು, ಆಮೇಲೆ ಯಾರೂ ಇಸವಿ ಹೇಳುವುದನ್ನೇ ಬಿಟ್ಟರು. ಐದು ವರ್ಷದ ಒಪ್ಪಂದದಲ್ಲಿ ನಡೆದದ್ದು ಮೂರೇ ರೇಸು. ಮಲೇಷ್ಯಾದವರೂ 2017ರಲ್ಲಿ ರೇಸು ಕಳಕೊಂಡರು. ಆದರೆ ಸೆಪಾಂಗ್‌ಗೆ ಹೋದವರಿಗೆ ಇದೇ ಕೊನೆಯದೆಂದು ತಿಂಗಳುಗಳ ಮುಂಚೆಯೇ ಗೊತ್ತಿತ್ತು. ಹತ್ತೊಂಬತ್ತು ವರ್ಷ ನೋಡಿದ್ದಕ್ಕೆ ಕೈಬೀಸಿ ಬಂದರು. ನಮಗೆ ಸಿಕ್ಕಿದ್ದು ‘ಮುಂದೂಡಲಾಗಿದೆ’ ಎಂಬ ಮಾತು. ಸಾಫ್ಟ್‌ವೇರ್ ಪ್ರಾಜೆಕ್ಟುಗಳಲ್ಲಿ ಇರುವವರಿಗೆ ಈ ಮಾತಿನ ಅರ್ಥ ಗೊತ್ತು. ಯಾರಿಗೂ ರದ್ದು ಮಾಡುವ ಧೈರ್ಯವಿಲ್ಲದ ಪ್ರಾಜೆಕ್ಟನ್ನು ನಾವು ‘ಆನ್ ಹೋಲ್ಡ್’ ಎನ್ನುತ್ತೇವೆ.

ಅಭಿಮಾನಿಗಳ ಪ್ರತಿಕ್ರಿಯೆಯೂ ಅದಕ್ಕೆ ತಕ್ಕ ಹಾಗೇ ಇತ್ತು. ಮೊದಲ ವರ್ಷ ಯಾರೂ ಅಳಲಿಲ್ಲ, ಬೈಯಲಿಲ್ಲ. ಡಿಸೆಂಬರಿನಲ್ಲಿ ಮುಂದಿನ ವರ್ಷದ ಕ್ಯಾಲೆಂಡರ್ ಬಂದಾಗ ಹೆಸರು ಹುಡುಕುವುದು, ಕಾಣದಿದ್ದರೆ ‘ಮುಂದಿನ ವರ್ಷ ಬರುತ್ತಂತೆ’ ಎನ್ನುವುದು. ಎರಡನೆಯ ವರ್ಷ ಆ ‘ಅಂತೆ’ ಸಣ್ಣಗಾಯಿತು. ಮೂರನೆಯ ವರ್ಷದ ಹೊತ್ತಿಗೆ ನಮ್ಮನ್ನು ನಾವೇ ಬೈದುಕೊಳ್ಳತೊಡಗಿದೆವು. ಹುಬ್ಬಳ್ಳಿಯ ಗೆಳೆಯ ಕ್ಯಾಂಟೀನಿನಲ್ಲಿ ತೀರ್ಪು ಕೊಟ್ಟ: ‘ಏನ್ ಮಾಡ್ತೀಪಾ, ನಮ್ಮ ಮಂದಿಗೆ ಕ್ರಿಕೆಟ್ ಬಿಟ್ರ ಬ್ಯಾರೆ ಆಟಾನ ಬೇಕಾಗಿಲ್ಲ. ಸ್ಟ್ಯಾಂಡ್ ಖಾಲಿ ಇದ್ವಲ್ಲ, ಅವರಾದ್ರೂ ಯಾಕ್ ಬರ್ತಾರ?’ ಎಲ್ಲರೂ ತಲೆಯಾಡಿಸಿದರು. ನಾವು ಸಾಕಷ್ಟು ಪ್ರೀತಿಸಲಿಲ್ಲ, ಹಾಗಾಗಿ ಹೋಯಿತು. ಕಾರಣ ಸಿಗದ ಎಲ್ಲ ಅಗಲಿಕೆಗಳಲ್ಲೂ ಜನ ಹೀಗೇ ಅಂದುಕೊಳ್ಳುತ್ತಾರೇನೋ.

ಈ ಮಾತು ನನಗೆ ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ಹೊಟ್ಟೆಪಾಡಿಗಾಗಿ ನಾನು ದಿನಾ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು: ಇದರ ಖರ್ಚು ಯಾರದು, ಮುಳುಗಿದರೆ ನಷ್ಟ ಯಾರದು?

ಫಾರ್ಮುಲಾ ಒನ್ ರೇಸ್ ನಡೆಸುವ ಊರು ಪ್ರತಿ ವರ್ಷ ಕೋಟ್ಯಂತರ ಡಾಲರ್ ಆತಿಥ್ಯ ಶುಲ್ಕ ತೆರಬೇಕು. ಟಿಕೆಟ್ ಮಾರಿ ಆ ಹಣ ಹುಟ್ಟುವುದು ಕಷ್ಟ. ಸಿಂಗಪುರದಲ್ಲಿ ವೆಚ್ಚದ ದೊಡ್ಡ ಪಾಲನ್ನು ಸರ್ಕಾರವೇ ಹೊರುತ್ತದೆ, ಅಬುಧಾಬಿ, ಬಹ್ರೇನ್‌ಗಳ ಹಿಂದೆಯೂ ಅಲ್ಲಿನ ಆಡಳಿತವೇ ಇದೆ. ನಮ್ಮಲ್ಲಿ ಇದನ್ನು ಹೊತ್ತದ್ದು ಜೇಪೀ ಎಂಬ ಒಂದು ಖಾಸಗಿ ಸಮೂಹ. ಟ್ರ್ಯಾಕಿಗೇ ಸುಮಾರು 2,000 ಕೋಟಿ ರೂಪಾಯಿ ಆಯಿತೆಂದು ವರದಿಗಳಿದ್ದವು. ಅವರ ಮುಖ್ಯ ವ್ಯವಹಾರ ಸಿಮೆಂಟು, ರಸ್ತೆ, ಜಮೀನು, ಮನೆ. ಯಮುನಾ ಎಕ್ಸ್‌ಪ್ರೆಸ್‌ವೇ ಪಕ್ಕದ ಹೊಸ ಊರಿಗೆ ರೇಸು ಒಂದು ಹೆಬ್ಬಾಗಿಲು.

ಸರ್ಕಾರ ಏನು ಮಾಡಿತು? 2009ರಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಇದು ಕ್ರೀಡೆಗಿಂತ ಹೆಚ್ಚಾಗಿ ಮನರಂಜನೆ ಎಂದು ಹೇಳಿ, ಶುಲ್ಕದ ಹಣ ಹೊರಗೆ ಕಳಿಸಲು ಒಪ್ಪಲಿಲ್ಲ. ಮನರಂಜನೆಯಾದರೆ ಮನರಂಜನಾ ತೆರಿಗೆ ಎಲ್ಲಿ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2011ರ ರೇಸಿಗೆ ಕೆಲವೇ ದಿನ ಮುಂಚೆ ಟಿಕೆಟ್ ಹಣದ ಶೇ 25ನ್ನು ಬೇರೆ ಖಾತೆಯಲ್ಲಿ ಇಡಲು ಆದೇಶವಾಯಿತು. ತಂಡಗಳ ಕಾರು, ಸಾಮಾನುಗಳಿಗೆ ಕಸ್ಟಮ್ಸ್ ತಲೆನೋವು. ಕೊನೆಗೆ 2017ರ ಏಪ್ರಿಲ್‌ನಲ್ಲಿ, ರೇಸು ನಿಂತು ಮೂರೂವರೆ ವರ್ಷದ ನಂತರ, ಬುದ್ಧ ಸರ್ಕಿಟ್ಟು ಫಾರ್ಮುಲಾ ಒನ್ ಸಂಸ್ಥೆಯ ಕಾಯಂ ನೆಲೆಯೆಂದೂ ಅದು ಇಲ್ಲಿ ಆದಾಯ ತೆರಿಗೆ ಕಟ್ಟಬೇಕೆಂದೂ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತೆರಿಗೆ ಕೇಳಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ನಾನೂ ತಿಂಗಳು ತಿಂಗಳು ಕಟ್ಟುತ್ತೇನೆ. ಆದರೆ ಇದನ್ನೆಲ್ಲ ರೇಸಿಗೆ ಮೊದಲೇ ಕೂತು ತೀರ್ಮಾನ ಮಾಡಬಹುದಿತ್ತು. ಮಾಡುವವರಿಗೆ ಅದು ತಮ್ಮದು ಅನ್ನಿಸಿರಲಿಲ್ಲ. ಈ ಕಾಗದಪತ್ರಗಳ ಯಾವ ಪುಟದಲ್ಲೂ ಸ್ಟ್ಯಾಂಡಿನಲ್ಲಿ ಕೂತವನಿಗೆ ಜಾಗವಿರಲಿಲ್ಲ. ನಮ್ಮ ಪ್ರೀತಿ ಕಡಿಮೆ ಬಿದ್ದದ್ದರಿಂದ ರೇಸು ಹೋಗಲಿಲ್ಲ. ಆ ಪ್ರೀತಿ ಲೆಕ್ಕಕ್ಕೇ ಬಂದಿರಲಿಲ್ಲ. ಸ್ಟ್ಯಾಂಡು ಪೂರ್ತಿ ತುಂಬಿದ್ದರೂ ಅದು ಆತಿಥ್ಯ ಶುಲ್ಕದ ಮುಂದೆ ಎಷ್ಟು ದಿನ ತಡೆಯುತ್ತಿತ್ತು?

ನಮಗಿಂತ ಹೆಚ್ಚು ಕಳಕೊಂಡವರೂ ಇಲ್ಲೇ ಇದ್ದರು. ರೇಸಿಗೆ ಐದು ತಿಂಗಳ ಮೊದಲು, 2011ರ ಮೇ ತಿಂಗಳಲ್ಲಿ, ಅದೇ ಜಿಲ್ಲೆಯ ಭಟ್ಟಾ ಪಾರ್ಸೌಲ್‌ನಲ್ಲಿ ಜಮೀನು ಸ್ವಾಧೀನದ ಜಗಳದಲ್ಲಿ ರೈತರೂ ಪೊಲೀಸರೂ ಸತ್ತಿದ್ದರು. ಟ್ರ್ಯಾಕಿನ ಸುತ್ತಲಿನ ಹಳ್ಳಿಯವರು ಹೆಚ್ಚಿನ ಪರಿಹಾರ ಕೇಳಿ ರೇಸು ತಡೆಯುತ್ತೇವೆ ಎಂದಿದ್ದರು. ನಾವು ಬಸ್ಸಿನಲ್ಲಿ ಅವರ ಹೊಲಗಳ ಪಕ್ಕವೇ ಹಾದುಹೋದೆವು. ಮುಂದೆ ಜೇಪೀ ಸಮೂಹ ಸಾಲದಲ್ಲಿ ಮುಳುಗಿತು, 2017ರಲ್ಲಿ ಅದರ ಒಂದು ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿ ಫ್ಲ್ಯಾಟಿಗೆ ಹಣ ಕಟ್ಟಿದ್ದ ಸಾವಿರಾರು ಕುಟುಂಬಗಳು ನಡುನೀರಿನಲ್ಲಿ ನಿಂತವು. 2020ರಲ್ಲಿ ಪ್ರಾಧಿಕಾರವು ಬಾಕಿ ಕಟ್ಟಿಲ್ಲವೆಂದು ಟ್ರ್ಯಾಕೂ ಸೇರಿದ್ದ ಸಾವಿರ ಹೆಕ್ಟೇರಿನ ಮಂಜೂರಾತಿಯನ್ನೇ ರದ್ದು ಮಾಡಿತು. ಮನೆ ಕಳಕೊಂಡವರ ಎದುರು ‘ನಮ್ಮ ರೇಸು ಹೋಯಿತು’ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಬಹುಶಃ ಅದಕ್ಕೇ ನಾವು ಇದನ್ನು ಯಾರ ಹತ್ತಿರವೂ ಹೆಚ್ಚು ಮಾತಾಡಲಿಲ್ಲ.

ನಮ್ಮೂರ ಕಡೆ ಬೇರೆ ತರಹದ ರೇಸು ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಯಲ್ಲಿ ನಡೆಯುವ ರ‍್ಯಾಲಿ. 2016ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತು ಅಲ್ಲೇ ನಡೆದು ಗೌರವ್ ಗಿಲ್ ಪ್ರಶಸ್ತಿ ಗೆದ್ದ. ಗ್ರ್ಯಾಂಡ್‌ಸ್ಟ್ಯಾಂಡ್ ಇಲ್ಲ, ಧರೆಯ ಮೇಲೆ ನಿಂತು ಧೂಳು ತಿನ್ನುತ್ತಾ ನೋಡಬೇಕು. ದಾರಿ ತೋಟದವರದು, ಬಾವುಟ ಹಿಡಿದು ನಿಲ್ಲುವವರು ರೇಸಿನ ಹುಚ್ಚಿರುವ ಸ್ವಯಂಸೇವಕರು. ಅಂತರರಾಷ್ಟ್ರೀಯ ಹಣೆಪಟ್ಟಿ ಇರಲಿ ಇಲ್ಲದಿರಲಿ, ಅಲ್ಲಿ ರ‍್ಯಾಲಿ ಅಂದರೆ ಇಂಥವರದು ಎಂದು ಹೇಳಲು ಜನ ಇದ್ದಾರೆ. ಗ್ರೇಟರ್ ನೊಯ್ಡಾದ ರೇಸು ಯಾರದು ಎಂದು ಕೇಳಿದರೆ ನನಗೆ ಉತ್ತರ ಸಿಗುವುದಿಲ್ಲ.

2023ರಲ್ಲಿ ಎರಡು ಸಲ ಆಸೆ ಚಿಗುರಿತು. ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ನಡೆಯಿತು, ಸೆಪ್ಟೆಂಬರಿನಲ್ಲಿ ನಮ್ಮ ಬುದ್ಧ ಸರ್ಕಿಟ್ಟಿಗೇ ಮೋಟೊಜಿಪಿ ಬಂತು. ಎರಡಕ್ಕೂ 2024ರಲ್ಲಿ ಎರಡನೆಯ ವರ್ಷ ಬರಲೇ ಇಲ್ಲ. ಹೈದರಾಬಾದಿನದು ಸರ್ಕಾರ ಬದಲಾದ ಮೇಲೆ ರೇಸಿಗೆ ಸುಮಾರು ಒಂದು ತಿಂಗಳಿರುವಾಗ ರದ್ದಾಯಿತು. ಈಗ ಇಲ್ಲಿನ ಅಭಿಮಾನಿಗಳು ಹೊಸ ರೇಸಿನ ಸುದ್ದಿ ಬಂದರೆ ಮೊದಲು ಕೇಳುವುದು ಯಾವ ಡ್ರೈವರ್ ಬರುತ್ತಾನೆ ಎಂದಲ್ಲ, ರೀಫಂಡ್ ಹೇಗೆ ಎಂದು.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳಿಗೆ ನೆಟ್‌ಫ್ಲಿಕ್ಸ್ ಸರಣಿ ನೋಡಿ ಈ ಹುಚ್ಚು ಹತ್ತಿದೆ. ಕಳೆದ ರಜೆಯಲ್ಲಿ ನೊಯ್ಡಾಕ್ಕೆ ಬಂದವಳು ಹಳೆಯ ಟಿಕೆಟ್ ನೋಡಿ, ‘ಮಾವ, ವೆಟ್ಟೆಲ್‌ನ ಕಣ್ಣಾರೆ ನೋಡಿದ್ರಾ? ಇಲ್ಲಾ?’ ಎಂದು ಎರಡೆರಡು ಸಲ ಕೇಳಿದಳು. ಅವಳಿಗೆ ಅದು ಪುರಾಣದ ಕಾಲ. ಮೊದಲ ಸಂಬಳದಲ್ಲಿ ಸಿಂಗಪುರಕ್ಕೆ ಹೋಗುತ್ತಾಳಂತೆ. ನಮ್ಮ ಮನೆಯಿಂದ ಬುದ್ಧ ಸರ್ಕಿಟ್ಟು ನಲವತ್ತು ನಿಮಿಷ. ‘ಮತ್ತೆ ಇಲ್ಲಿ ಬರುತ್ತಾ ಮಾವ?’ ಎಂದಳು.

ಬಾಯಿಗೆ ಬಂದ ‘ಮುಂದಿನ ವರ್ಷ ಬರುತ್ತಂತೆ’ಯನ್ನು ನುಂಗಿಕೊಂಡು, ಮೇಲೆ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಶುಲ್ಕ, ತೆರಿಗೆ, ಜಮೀನು, ರೈತರು, ಎಲ್ಲವನ್ನೂ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಅಂದಳು, ‘ಹಾಗಾದ್ರೆ ಜನ ನೋಡಲಿಲ್ಲ ಅಂತ ನಿಂತದ್ದಲ್ಲ.’

ಅಲ್ಲ, ಮಗಳೇ. ಅಷ್ಟನ್ನು ನೆನಪಿಟ್ಟುಕೋ ಸಾಕು ಎಂದೆ.