ವೈರ್ ಇಲ್ಲದ ಹೆಡ್‌ಫೋನ್ ತಗೊಂಡ ಕತೆ (ತಗೊಳ್ಳೋರು ಪೂರ್ತಿ ಓದ್ರಿ)



ಹೋದ ವಾರ ಲಿಂಬಿಗೆ ನೀರು ಕೊಡೂದರ ಬಗ್ಗೆ ಬರೆದು, ತೋಟದಾಗ ನಿಂತ ಒಂದು ಫೋಟೋ ಹಾಕಿದ್ದೆ. ಫೋನ್ ಮಾಡಿದ ನಾಕೈದು ಮಂದಿ ನೀರಿನ ಸುದ್ದಿ ಎತ್ತಲೇ ಇಲ್ಲ. "ಕೊರಳಾಗ ಹಾಕ್ಕೊಂಡೀರಲ್ಲ, ಅದು ಯಾವುದ್ರಿ, ಎಷ್ಟು ಕೊಟ್ರಿ?" ಅಂತ ಕೇಳಿದರು. ಅದರ ಕತೆ ಫೋನಿನಾಗ ಹೇಳೂವಷ್ಟು ಸಣ್ಣದಲ್ಲ, ಅದಕ್ಕ ಇಲ್ಲಿ ಬರೀತೀನಿ. ಕಂಪನಿ ಹೆಸರು ಹೇಳೂದಿಲ್ಲ. ಇವತ್ತು ನಾ ಹೇಳಿದ ಮಾಡೆಲ್ ನೀವು ಅಂಗಡಿಗೆ ಹೋಗೂದರಾಗ ಬಂದ್ ಆಗಿರ್ತೈತಿ. ಏನು ನೋಡಿ ತಗೋಬೇಕು ಅನ್ನೂದು ಹೇಳ್ತೀನಿ. ಅದು ನನಗ ಗೊತ್ತಾಗಾಕ ಎರಡು ಜೋಡಿ ಹೆಡ್‌ಫೋನ್, ಒಂದು ಹಾವು, ಒಬ್ಬರು ಕಿವಿ ಡಾಕ್ಟರು ಬೇಕಾದರು.

ವೈರ್ ಇಲ್ಲದ್ದು ಯಾಕ ಬೇಕಾತು ಅಂದ್ರ, ಲಿಂಬಿ ಮುಳ್ಳಿನ ಸಲುವಾಗಿ. ನಮ್ಮ ಝಳಕಿ, ಇಂಡಿ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ವೈರಿನ ಇಯರ್‌ಫೋನ್ ಹಾಕ್ಕೊಂಡು ಗಿಡದಾಗ ಕೈ ಹಾಕಿದ್ರ ಮುಳ್ಳು ವೈರ್ ಹಿಡಕೊಂಡು ಬಿಡತೈತಿ, ನಾವು ಹಿಂದ ಸರಿದ್ರ ಕಿವ್ಯಾಗಿಂದ ಕಿತ್ತು ಬರ್ತೈತಿ. ಮೂರು ವೈರ್ ಹಂಗ ಹರಿದು ಹೋದವು. ಹಣ್ಣು ಹರಿಯೂ ದಿವಸನ ಎಲ್ಲ ಫೋನ್ ಬರೂದು. ಇಂಡಿ ಮಾರ್ಕೆಟ್ ರೇಟ್ ಒಬ್ಬ ಹೇಳ್ತಾನ, ಸೊಲ್ಲಾಪುರದ್ದು ಇನ್ನೊಬ್ಬ, ಗಾಡಿಯವ ಕ್ರಾಸಿಗೆ ಬಂದು ನಿಂತು ದಾರಿ ಕೇಳ್ತಾನ. ಎರಡೂ ಕೈ ಮುಳ್ಳಿನಾಗ, ಫೋನ್ ಕಿಸೆದಾಗ.

ಮಗ ಪುಣೆದಾಗ ಇರ್ತಾನ. ನನ್ನ ಒದ್ದಾಟ ಕೇಳಿ ಒಂದು ಜೋಡಿ ಬಡ್ಸ್ ಕಳಿಸಿದ. ಸಣ್ಣ ಡಬ್ಬಿ, ಅದರಾಗ ಎರಡು ಬಿಡಿ ಬಿಡಿ ಕಾಳು. ತುದಿಗೆ ರಬ್ಬರ್ ಇರ್ತೈತಿ, ಒಳಗ ಒತ್ತಿದ್ರ ಕಿವಿಗೆ ಬಿರಡಿ ಹಾಕಿದಂಗ ಆಗ್ತೈತಿ. ಮ್ಯಾಲ ಎಎನ್‌ಸಿ ಅಂತ ಒಂದು ಬಟನ್. ಅದನ್ನ ಒತ್ತಿದ ಕೂಡಲೇ ಬೋರ್‌ವೆಲ್ ಮೋಟರಿನ ಗುಂಯ್ ಅನ್ನೂದು ಮಾಯ! ನನಗ ಖುಷಿ ಆತು ನೋಡ್ರಿ. ಆವಾಗ ತ್ರೀ ಫೇಸ್ ಕರೆಂಟ್ ರಾತ್ರಿ ಬರ್ತಿತ್ತು. ಎರಡೂ ಕಿವಿಗೆ ಹಾಕ್ಕೊಂಡು ಶ್ರೀಕೃಷ್ಣ ಪಾರಿಜಾತ ಹಚ್ಚಿ ನೀರು ತಿರುವಾಕ ಹೋಗ್ತಿದ್ದೆ. ಒಂದು ವಾರ ಭಾಳ ಆರಾಮ ಇತ್ತು.

ಎಂಟನೇ ದಿವಸ ರಾತ್ರಿ ಒಡ್ಡಿನ ಮ್ಯಾಲ ನಾ ಮುಂದ, ಮನೆಯಾಕಿ ಬ್ಯಾಟರಿ ಹಿಡಕೊಂಡು ಹಿಂದ. ಒಮ್ಮೆಲೆ ಅಂಗಿ ಹಿಡಿದು ಎಳೆದಳು. ನಾ ಬೀಳೂದೊಂದು ಬಾಕಿ. ತಿರುಗಿ ಬೈಯಾಕ ಬಾಯಿ ತಗದೆ. ಅಕಿ ಬೆಳಕು ಬಿಟ್ಟು ತೋರಿಸಿದಳು. ಎಡಕ್ಕ, ನಾ ಹೆಜ್ಜಿ ಇಡೂ ಜಾಗದಿಂದ ಒಂದೂವರೆ ಮೊಳ ದೂರ, ಕೊಳಕಮಂಡಲ ಸುತ್ತಿಕೊಂಡು ಕುಂತಿತ್ತು. ಅದು ಬುಸ್ ಅನ್ನೂದು ಹೆಂಗಿರ್ತೈತಿ ಅಂತ ನಿಮಗ ಗೊತ್ತದ, ಕುಕ್ಕರ್ ಸೀಟಿ ಸೋರಿದಂಗ. ಮೊದಲ ಸಪ್ಪಳ ಮಾಡಿ ಎಚ್ಚರಿಕೆ ಕೊಡೂ ಹಾವು ಅದು. ಅಕಿ ಹೇಳೂ ಪ್ರಕಾರ ಅದು ಎರಡು ಸಲ ಬುಸ್ ಅಂತು, ಅಕಿ ಎರಡು ಸಲ ಒದರಿದಳು. ನನ್ನ ಕಿವ್ಯಾಗ ಸತ್ಯಭಾಮೆ ಸಿಟ್ಟು ಮಾಡ್ಕೊಂಡು ಕುಂತಿದ್ದಳು.

ಮರುದಿನ ಆ ಡಬ್ಬಿ ಅಣ್ಣನ ಮಗನಿಗೆ ಕೊಟ್ಟೆ. ಅವ ತಿಂಗಳೊಳಗ ಒಂದು ಕಾಳು ಕಣಕಿ ಬಣವಿಯಾಗ ಕಳದ. ಬಿಡಿ ಬಡ್ಸ್ ಹೊಲಕ್ಕ ಹೊಂದೂದಿಲ್ಲ ಅನ್ನಾಕ ಅದೂ ಒಂದು ಕಾರಣ.

ಆಮ್ಯಾಲೆ ನಾನ ವಿಜಯಪುರಕ್ಕ ಹೋಗಿ ಕೊರಳಾಗ ಹಾಕ್ಕೊಳ್ಳೂ ನೆಕ್‌ಬ್ಯಾಂಡ್ ತಗೊಂಡೆ, 1,299 ರೂಪಾಯಿ. ಮನಿಗೆ ಬಂದು ಹಚ್ಚಿ ನೋಡಿದ್ರ ಎಡಗಡೆ ದನಿ ಸಣ್ಣ. ಬಲಗಡೆ ಖಣಖಣ, ಎಡಗಡೆ ಗೋಡಿ ಆಚಿಕಡೆ ಯಾರೋ ಮಾತಾಡಿದಂಗ. ಎರಡನೇ ದಿವಸ ಮತ್ತ ಬಸ್ ಹತ್ತಿದೆ. ಅಂಗಡಿ ಹುಡುಗ ಏನೂ ಅನ್ನದ ಬದಲಿ ಕೊಟ್ಟ. ಅದೂ ಹಂಗ! ಆವಾಗ ನಾ ಸ್ವಲ್ಪ ದನಿ ಏರಿಸಿದೆ. ಹಳ್ಳಿಯವರು ಅಂದ್ರ ಡ್ಯಾಮೇಜ್ ಮಾಲು ಕಟ್ತೀರೇನು ಅಂತ ಅಂದೆ. ಅಂಗಡ್ಯಾಗ ಮಂದಿ ಇದ್ದರು, ನೋಡಾಕ ಹತ್ತಿದರು. ಹುಡುಗ ಭಾಳ ಸಮಾಧಾನದವ. "ಕಾಕಾ, ಉಲ್ಟಾ ಹಾಕ್ಕೊಂಡು ನೋಡ್ರಿ" ಅಂದ. ಎಡಗಡೆದು ಬಲಗಿವಿಗೆ, ಬಲಗಡೆದು ಎಡಗಿವಿಗೆ ಹಾಕ್ಕೊಂಡೆ. ಬಲಗಿವ್ಯಾಗ ಖಣಖಣ. ಎಡಗಿವ್ಯಾಗ ಗೋಡಿ ಆಚಿಕಡೆ.

ನಾ ಮಾತಾಡಲಿಲ್ಲ. ಹುಡುಗನೂ ಮಾತಾಡಲಿಲ್ಲ. ಡಬ್ಬಿ ಚೀಲದಾಗ ಹಾಕ್ಕೊಂಡು ಹೊರಗ ಬಂದೆ.

ನೀವು ಹೆಡ್‌ಫೋನ್ ತಗೊಳ್ಳಿ ಬಿಡ್ರಿ, ಈ ಉಲ್ಟಾ ಪರೀಕ್ಷೆ ಒಂದು ಮಾಡ್ರಿ. ಮನ್ಯಾಗ ಯಾರದರ ಇಯರ್‌ಫೋನ್ ಇದ್ದ ಇರ್ತೈತಿ. ದನಿ ಸಣ್ಣ ಆಗೂದು ವಸ್ತುವಿನ ಸಂಗಟ ಬದಲಾದ್ರ ವಸ್ತು ಕೆಟ್ಟೈತಿ. ಕಿವಿಯೊಳಗ ಉಳಿದ್ರ ಕಿವಿ ತೋರಿಸಬೇಕು.

ಕಿವಿ ಡಾಕ್ಟರು ಒಂದು ಸಣ್ಣ ಖೋಲಿಯಾಗ ಕುಂದ್ರಿಸಿ ಪರೀಕ್ಷೆ ಮಾಡಿಸಿದರು. ಸಪ್ಪಳ ಕೇಳಿದ್ರ ಬಟನ್ ಒತ್ತೂದು. ಗ್ರಾಫಿನಾಗ 4000 ಹರ್ಟ್ಜ್ ಹತ್ರ ಎಡಗಿವಿ ಗೆರೆ ಬಾವಿಗೆ ಇಳಿದಂಗ ಕೆಳಗ ಇಳಿದಿತ್ತು. ಬಲಗಿವೀದೂ ಇಳಿದೈತಿ, ಆದ್ರ ಅಷ್ಟಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: "ಟ್ರ್ಯಾಕ್ಟರ್ ಹೊಡೀತೀರೇನು? ಹಿಂದ ನೇಗಿಲ ನೋಡಬೇಕಂದ್ರ ಯಾವ ಹೆಗಲ ಕಡೆ ಹೊಳ್ಳತೀರಿ?" ಬಲಕ್ಕ ಅಂದೆ. ಹೈಡ್ರಾಲಿಕ್ ಹ್ಯಾಂಡಲ್ ಬಲಗಡೆ ಇರ್ತೈತಿ, ಕುತ್ತಿಗಿ ಆ ಕಡೆನ ಹೊಳ್ಳತೈತಿ. ಹಂಗ ಹೊಳ್ಳಿದ್ರ ಎಡಗಿವಿ ಸೀದಾ ಎಂಜಿನ್ನಿಗೆ, ಸೈಲೆನ್ಸರಿಗೆ ಮುಖ ಮಾಡ್ತೈತಿ. ಬಲಗಿವಿಗೆ ನಮ್ಮ ತಲಿನ ಅಡ್ಡ ನಿಲ್ತೈತಿ. ಇಪ್ಪತ್ತೆಂಟು ವರ್ಷ ಹಂಗ ಹೊಡದೀನಿ. ಅದಕ್ಕಿಂತ ಮೊದಲ ಡೀಸೆಲ್ ಪಂಪ್, ಸುಗ್ಗಿಯಾಗ ರಾಶಿ ಮಷಿನ್.

ಒಳಗಿವ್ಯಾಗ ಕೂದಲಿನಂಥ ಸಣ್ಣ ಕೋಶ ಇರ್ತಾವಂತ, ದೊಡ್ಡ ಸಪ್ಪಳಕ್ಕ ಅವು ಸಾಯ್ತಾವ, ಸತ್ತರ ಮತ್ತ ಹುಟ್ಟೂದಿಲ್ಲ. ಮೊದಲ ಹೋಗೂದು ಸಣ್ಣ ಚೂಪು ದನಿ ಕೇಳೂ ಕೋಶ. ಅದಕ್ಕ ಸ, ಶ, ಚ ಇಂಥ ಅಕ್ಷರ ತಪ್ಪಿ ಹೋಗ್ತಾವ. ದನಿ ಕೇಳ್ತೈತಿ, ಮಾತು ತಿಳಿಯೂದಿಲ್ಲ. ನಾ ಮನ್ಯಾಗ ನಾಕೈದು ವರ್ಷದಿಂದ "ಬಾಯಿ ಬಿಟ್ಟು ಮಾತಾಡು, ಗುಣುಗುಣು ಅನಬ್ಯಾಡ" ಅಂತ ಬೈತಿದ್ದೆ. ಗುಣುಗುಣು ಅಕಿದಾಗಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯವರು ಇದಕ್ಕ ಒಂದು ಲೆಕ್ಕ ಇಟ್ಟಾರ. 80 ಡೆಸಿಬಲ್ ದನಿ ಆದ್ರ ವಾರಕ್ಕ 40 ತಾಸು ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದ್ರ ತಾಸು ಅರ್ಧ. 83ಕ್ಕ 20 ತಾಸು, 86ಕ್ಕ 10, 89ಕ್ಕ 5, 92ಕ್ಕ ಎರಡೂವರೆ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಮ್ಯಾಲ ಕುಂತವನ ಕಿವಿಗೆ 90 ದಾಟೂದು ಸಾಮಾನ್ಯ. ನಾವು ಬಿತ್ತಗಿ ಹೊತ್ತಿನಾಗ ಒಂದ ದಿವಸಕ್ಕ ಎಷ್ಟು ತಾಸು ಹೊಡೀತೀವಿ ನೀವ ಲೆಕ್ಕ ಹಾಕ್ರಿ. ಅದರ ಮ್ಯಾಲ ಹಾಡು ಕೇಳಬೇಕಂತ ಹೆಡ್‌ಫೋನ್ ಹಾಕಿದ್ರ, ಹಾಡು ಎಂಜಿನ್ ಸಪ್ಪಳ ದಾಟಬೇಕು. ಅಂದ್ರ ವಾಲ್ಯೂಮ್ ಎಲ್ಲಿಗೆ ಹೋಗ್ತೈತಿ? ನಮ್ಮ ಹುಡುಗರು ಟ್ರ್ಯಾಕ್ಟರ್ ಮ್ಯಾಲ ಬಡ್ಸ್ ಹಾಕ್ಕೊಂಡು ಹೊಡೀತಾರ, ಅವರಿಗೆ ಇದನ್ನ ಓದಿಸ್ರಿ. ಟ್ರ್ಯಾಕ್ಟರಿಗೆ ಬೇಕಾದ್ದು ಫ್ಯಾಕ್ಟರ್ಯಾಗ ಹಾಕ್ಕೊಳ್ಳೂ ಇಯರ್‌ಮಫ್. ಅದರಾಗ ಹಾಡು ಬರೂದಿಲ್ಲ, ಬ್ಯಾಟರಿ ಇಲ್ಲ, ಕೆಲವು ನೂರು ರೂಪಾಯಿಗೆ ಸಿಗ್ತೈತಿ. ನಾ ಒಂದು ತಂದೀನಿ. ಹಾಕ್ಕೊಂಡ್ರ ಮಂದಿ ನಗತಾರ. ನಗಲಿ.

ಈಗ ಅಂಗಡಿ ಮಾತು.

ಎಎನ್‌ಸಿ, ಇಎನ್‌ಸಿ ಅಂತ ಎರಡು ಬರೆದಿರ್ತಾರ, ಮಾರೂ ಹುಡುಗರ ಎಷ್ಟೋ ಸಲ ಒಂದ ಅಂತ ಹೇಳ್ತಾರ. ಒಂದಲ್ಲ. ಎಎನ್‌ಸಿ ಅಂದ್ರ ಹೊರಗಿನ ಸಪ್ಪಳ ನಮಗ ಕೇಳದಂಗ ಮಾಡೂದು. ಇಎನ್‌ಸಿ ಅಂದ್ರ ನಮ್ಮ ಸುತ್ತಲ ಸಪ್ಪಳ ಆ ಕಡೆ ಮಾತಾಡೂ ಮನುಷ್ಯಾಗ ಕೇಳದಂಗ ಮಾಡೂದು. ಗಾಳಿ, ಮೋಟರ್ ನಡುವ ನಿಂತು ರೇಟ್ ಮಾತಾಡೂ ನಮಗ ಬೇಕಾದ್ದು ಎರಡನೇದು. ಮೊದಲನೇದು ವಿಮಾನದಾಗ ಹೋಗೋರಿಗೆ ಇರಲಿ. ಅಂಗಡ್ಯಾಗ ಹಾಡು ಹಚ್ಚಿ ಪರೀಕ್ಷೆ ಮಾಡಬ್ಯಾಡ್ರಿ, ಬೇಸ್ ಕೇಳಿ ತಲಿ ಅಲ್ಲಾಡಿಸೂದು ಬ್ಯಾಡ. ರಸ್ತೆಗೆ ಬಂದು ಮನಿಗೆ ಫೋನ್ ಹಚ್ಚಿ, ನನ್ನ ಮಾತು ಸ್ವಚ್ಛ ಕೇಳ್ತೈತೇನು ಅಂತ ಕೇಳ್ರಿ.

ನೀರಿನದು ಐಪಿಎಕ್ಸ್4, ಐಪಿಎಕ್ಸ್5 ಅಂತ ಬರೆದಿರ್ತಾರ. 4 ಅಂದ್ರ ನೀರು ಸಿಡಿದ್ರ ನಡೀತೈತಿ, 5 ಅಂದ್ರ ಪೈಪಿನ ಧಾರಿ ತಡೀತೈತಿ. ನಡುವಿನ ಎಕ್ಸ್ ಏನು? ಅದು ಧೂಳಿನ ಜಾಗ. ಎಕ್ಸ್ ಇದ್ರ ಧೂಳಿನ ಅಂಕಿ ಕೊಟ್ಟಿಲ್ಲ ಅಂತ ಅರ್ಥ. ನಮ್ಮಲ್ಲಿ ನೀರಿಗಿಂತ ಧೂಳು ಹೆಚ್ಚು, ಅದಕ್ಕ ಐಪಿ55 ಹಿಂಗ ಎರಡೂ ಅಂಕಿ ಇದ್ದದ್ದು ಸಿಕ್ಕರ ಚಲೋ. ಎಣ್ಣಿ ಹೊಡಿಯೂವಾಗ ಯಾವ ಅಂಕಿ ಇದ್ರೂ ತಗದಿಡ್ರಿ. ಔಷಧ ಹತ್ತಿದ ರಬ್ಬರ್ ಕಿವಿಯೊಳಗ ಹೋಗಬಾರದು.

ಬ್ಯಾಟರಿ ತಾಸು ಡಬ್ಬಿ ಮ್ಯಾಲ ಬರೆದಷ್ಟು ಬರೂದಿಲ್ಲ. ಅದು ಸಾಮಾನ್ಯವಾಗಿ ಅರ್ಧ ವಾಲ್ಯೂಮಿನ ಲೆಕ್ಕ. ಟೈಪ್-ಸಿ ಇದ್ದದ್ದು ತಗೊಳ್ರಿ, ಫೋನಿನ ಚಾರ್ಜರ್ ಸಾಕಾಗ್ತೈತಿ. ವಾರಂಟಿ ಕಾಗದದಾಗ ನೀರು, ಬೆವರಿನ ಬಗ್ಗೆ ಏನು ಬರೆದಾರ ನೋಡ್ರಿ.

ರೇಡಿಯೋ ಕೇಳೂ ಹಿರಿಯರಿಗೆ ಒಂದು ಮಾತು. ಫೋನಿನಾಗಿನ ಎಫ್‌ಎಂಗೆ ವೈರ್ ಇಯರ್‌ಫೋನಿನ ವೈರ್ ಆಂಟೆನಾ ಆಗಿ ಕೆಲಸ ಮಾಡ್ತೈತಿ. ವೈರ್ ತಗದ್ರ ವಿಜಯಪುರ ಆಕಾಶವಾಣಿನೂ ಹೋಗ್ತೈತಿ. ನ್ಯೂಸ್ ಆನ್ ಏರ್ ಆ್ಯಪಿನಾಗ ಕೇಳಬಹುದು, ಆದ್ರ ಅದಕ್ಕ ನೆಟ್ ಬೇಕು. ನಮ್ಮಪ್ಪ ಧಾರವಾಡ ಕೇಂದ್ರ ಕೇಳೂ ಟ್ರಾನ್ಸಿಸ್ಟರ್ ಲಿಂಬಿ ಟೊಂಗಿಗೆ ತೂಗಹಾಕಿ ಕೆಲಸ ಮಾಡ್ತಿದ್ದ. ಅವನಿಗೆ ಹಾಡೂ ಕೇಳ್ತಿತ್ತು, ಹಾವೂ ಕೇಳ್ತಿತ್ತು.

ಕಿವಿಯೊಳಗ ಹೋಗದ, ಕಪಾಳದ ಎಲುಬಿನ ಮ್ಯಾಲ ಕುಂದ್ರೂ ಹೆಡ್‌ಫೋನೂ ಬಂದಾವ, ಬೋನ್ ಕಂಡಕ್ಷನ್ ಅಂತಾರ. ಕಿವಿ ತೆರೆದ ಇರ್ತೈತಿ, ಹೊಲಕ್ಕ ಅದ ಸರಿ ಅನಿಸ್ತು. ರೊಕ್ಕ ಹೆಚ್ಚು. "ಕಿವಿ ಮಂದ ಇದ್ದವರಿಗೂ ಕೇಳ್ತೈತಿ" ಅಂತ ಒಬ್ಬ ಮಾರಾಕ ಬಂದ. ಡಾಕ್ಟರನ್ನ ಕೇಳಿದೆ. ಹೊರಗಿವಿ, ನಡುಗಿವಿ ತೊಂದರೆ ಇದ್ದವರಿಗೆ ಆ ಮಾತು ಖರೆ, ಒಳಗಿವಿ ಸತ್ತ ನನ್ನಂಥವರಿಗೆ ಅಲ್ಲ ಅಂದರು.

ಹಂಗಾದ್ರ ನಾ ಏನು ಮಾಡಬೇಕು? ಚಲೋ ಬಲಗಿವಿಗೆ ಹಾಕ್ಕೊಂಡ್ರ ಹೊಲದ ಸಪ್ಪಳಕ್ಕ ಬಾಗಿಲ ಹಾಕಿದಂಗ. ಎಡಗಿವಿಗೆ ಹಾಕ್ಕೊಂಡ್ರ ಮಾತು ತಿಳಿಯೂದಿಲ್ಲ, ವಾಲ್ಯೂಮ್ ಏರಿಸ್ತೀನಿ, ಇದ್ದದ್ದೂ ಹೋಗ್ತೈತಿ. ಉತ್ತರ ನಾ ಜಗಳಾಡಿ ತಂದ ನೆಕ್‌ಬ್ಯಾಂಡಿನಾಗನ ಇತ್ತು. ಫೋನ್ ಬಂದ್ರ ಅದು ಕೊರಳ ಮ್ಯಾಲ ಝುಮ್ ಅಂತ ನಡಗತೈತಿ. ಅಂದ್ರ ಕಿವ್ಯಾಗ ಏನೂ ಇಟ್ಕೊಳ್ಳೂ ಅವಶ್ಯನ ಇಲ್ಲ! ಎರಡೂ ತುದಿ ಎದಿ ಮ್ಯಾಲ ಒಂದಕ್ಕೊಂದು ಅಂಟಿ ಇರ್ತಾವ. ನಡಗಿದ್ರ ನಿಂತಲ್ಲೇ ನಿಂತು ಬಲಗಿವಿಗೆ ಒಂದು ಹಾಕ್ಕೊಂಡು ಮಾತು ಮುಗಿಸಿ ತಗದು ಬಿಡತೀನಿ. ಕಳಿಯೂದಿಲ್ಲ, ಮುಳ್ಳಿಗೆ ಸಿಗೂದೂ ಕಡಿಮಿ. ಈ ನಡಗೂದು ಎಲ್ಲ ನೆಕ್‌ಬ್ಯಾಂಡಿನಾಗ ಇರೂದಿಲ್ಲ, ಕೇಳಿ ತಗೊಳ್ರಿ. ಒಂದ ಕಿವಿ ಬಳಸೋರು ಫೋನಿನ ಸೆಟ್ಟಿಂಗಿನಾಗ ಆ್ಯಕ್ಸೆಸಿಬಿಲಿಟಿ ಒಳಗ ಮೋನೋ ಆಡಿಯೋ ಆನ್ ಮಾಡ್ರಿ. ಎರಡೂ ಕಡೆದ ದನಿ ಒಂದ ಕಡೆ ಕೂಡಿ ಬರ್ತೈತಿ.

ಅಂಗಡಿ ಹುಡುಗನ ಹತ್ರ ಹೋಗಿ ಒಂದು ಚೀಲ ಲಿಂಬಿಹಣ್ಣು ಕೊಟ್ಟು ಬಂದೆ. "ಕಾಕಾ, ಇಷ್ಟು ಏನು ಮಾಡ್ಲಿ" ಅಂದ.

ಮೊನ್ನೆ ರಾತ್ರಿ ನೀರಿಗೆ ಹೋದಾಗ ಮನೆಯಾಕಿ ನಿಂತು, "ಇಲ್ಲೆ ಡ್ರಿಪ್ ಪೈಪ್ ಸೋರಾಕತ್ತೈತಿ, ಸುಂಯ್ ಅಂತೈತಿ" ಅಂದಳು. ನನಗ ಏನೂ ಕೇಳಲಿಲ್ಲ. ಬಲಗಿವಿ ಆ ಕಡೆ ತಿರುವಿದೆ, ಕೇಳಿತು. ಪೈಪ್ ನನ್ನ ಎಡಕ್ಕ ಇತ್ತು. ಹಾವು ಕುಂತಿದ್ದೂ ಎಡಕ್ಕ. ಆವತ್ತು ಕಿವ್ಯಾಗ ಬಡ್ಸ್ ಇಲ್ಲದಿದ್ರೂ ನನಗ ಕೇಳ್ತಿತ್ತೋ ಇಲ್ಲೋ. ಅದನ್ನ ಅಕಿಗೂ ಹೇಳಿದೆ. ಅಕಿ ಏನೂ ಅನ್ನಲಿಲ್ಲ, ಈಗ ಒಡ್ಡು ಅಗಲ ಇದ್ದಲ್ಲಿ ನನ್ನ ಎಡಗಡೆ ನಡೀತಾಳ.

ಪೈಪಿಗೆ ಜಾಯಿಂಟ್ ಹಾಕೀನಿ. ಲಿಂಬಿ ಕಜ್ಜಿರೋಗದ ಟಿಪ್ಪಣಿ ಮುಂದಿನ ವಾರ.