ಹೋರಿಯ ಮೈಮೇಲಿನ ಗಂಟು

ನಮ್ಮ ನರಗುಂದದ ಎರೆಭೂಮಿಯಲ್ಲಿ ಟ್ರ್ಯಾಕ್ಟರುಗಳು ಎಷ್ಟೇ ಓಡಾಡಲಿ, ಜೋಡೆತ್ತುಗಳಿಲ್ಲದ ಮನೆಯನ್ನು ಒಕ್ಕಲುತನದ ಮನೆಯೆಂದು ಹಿರಿಯರು ಇಂದಿಗೂ ಒಪ್ಪುವುದಿಲ್ಲ. ಆದ್ದರಿಂದಲೇ 2022ರಲ್ಲಿ ಚರ್ಮಗಂಟು ರೋಗವು ಉತ್ತರ ಕರ್ನಾಟಕದಲ್ಲಿ ಹಬ್ಬಿದಾಗ ನಮ್ಮ ಓಣಿಗಳಲ್ಲಿ ಉಂಟಾದ ದಿಗಿಲು ಸಣ್ಣದಾಗಿರಲಿಲ್ಲ.

ನೆರೆಯ ರೈತರೊಬ್ಬರ ಹೋರಿಗೆ ಜ್ವರ ಬಂದು ಮೈತುಂಬ ಗಂಟುಗಳೆದ್ದವು. ಪಶುವೈದ್ಯರು ಗಂಟಿನ ಹಕ್ಕಳೆಯನ್ನು ಸೀಸೆಗೆ ಹಾಕಿಕೊಂಡು ಪ್ರಯೋಗಾಲಯಕ್ಕೆ ಕಳುಹಿಸಿದರು. ರೈತರು ನನ್ನನ್ನು ಕೇಳಿದರು: "ಮಾಸ್ತರ, ಕಣ್ಣಿಗೆ ಕಾಣೋ ಗಂಟಿಗೆ ಮತ್ಯಾಕ್ರೀ ಪರೀಕ್ಷಾ?"

ಪ್ರಶ್ನೆ ನ್ಯಾಯವಾದುದೇ. ಆದರೆ ಕಣ್ಣು ಮೋಸಹೋಗುತ್ತದೆ. ದನಗಳ ಒಂದು ಹರ್ಪಿಸ್ ವೈರಾಣುವೂ ಇಂಥದೇ ಗಂಟುಗಳನ್ನು ಎಬ್ಬಿಸುತ್ತದೆ. ಕೀಟಗಳ ಕಡಿತವೂ ಹಾಗೆಯೇ ತೋರುವುದುಂಟು. ನಿಜವಾದ ಚರ್ಮಗಂಟಿನ ವೈರಾಣುವು ಕುರಿ-ಮೇಕೆಗಳ ಸಿಡುಬಿನ ಹತ್ತಿರದ ದಾಯಾದಿ. 1929ರಲ್ಲಿ ಆಫ್ರಿಕದ ಜಾಂಬಿಯದಲ್ಲಿ ಮೊದಲು ಕಂಡ ಈ ಬೇನೆ, 2019ರಲ್ಲಿ ಒಡಿಶಾದ ಮೂಲಕ ನಮ್ಮ ದೇಶದಲ್ಲಿ ಕಾಣಿಸಿಕೊಂಡಿತು.

ಪಿ.ಸಿ.ಆರ್. ಎಂಬ ಪರೀಕ್ಷೆಯ ಹೆಸರನ್ನು ಕೊರೊನಾ ಕಾಲದಲ್ಲಿ ನಾವೆಲ್ಲ ಕೇಳಿದ್ದೇವೆ. ಕ್ಯಾರಿ ಮುಲ್ಲಿಸ್ 1983ರಲ್ಲಿ ರೂಪಿಸಿದ ವಿಧಾನವಿದು. 1993ರಲ್ಲಿ ಅವರಿಗೆ ನೊಬೆಲ್ ತಂದಿತು. ಸುಮಾರು 95 ಡಿಗ್ರಿ ಶಾಖದಲ್ಲಿ ಡಿ.ಎನ್.ಎ.ಯ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. ತಣಿಸಿದಾಗ, ಹುಡುಕುತ್ತಿರುವ ವೈರಾಣುವಿಗಷ್ಟೇ ಹೊಂದುವ ಕಿರುತುಣುಕುಗಳು ಅವಕ್ಕೆ ಅಂಟಿಕೊಳ್ಳುತ್ತವೆ. ಅಲ್ಲಿಂದ ಹೊಸ ಎಳೆ ಬೆಳೆಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತನೆಯ ಸುತ್ತಿಗೆ ಲೆಕ್ಕ 107 ಕೋಟಿಯನ್ನು ದಾಟುತ್ತದೆ. ವೈರಾಣುವಿಲ್ಲದಿದ್ದರೆ ಏನೂ ಬೆಳೆಯದು. ರಕ್ತದಲ್ಲಿ ಈ ವೈರಾಣು ಕೆಲವೇ ದಿನ ಸಿಗುತ್ತದೆ, ಗಂಟಿನ ಹಕ್ಕಳೆಯಲ್ಲಾದರೋ ಬಹುದಿನ. ವೈದ್ಯರು ಹಕ್ಕಳೆಯನ್ನೇ ಆರಿಸಿದ್ದು ಇದಕ್ಕಾಗಿ.

ಈ ಸಿಡುಬಿನ ಕುಲ ಕಡಲಿನಲ್ಲಿಯೂ ಇದೆ. ಡಾಲ್ಫಿನ್ನುಗಳ ಚರ್ಮದ ಮೇಲೆ ಹಚ್ಚೆ ಹೊಯ್ದಂಥ ಕಲೆಗಳನ್ನು ಮೂಡಿಸುವುದು ಅದೇ ಕುಲದ ಇನ್ನೊಂದು ವೈರಾಣು. ಅಲ್ಲಿಯೂ ಕಲೆಯ ಚಿತ್ರ ಅನುಮಾನವನ್ನಷ್ಟೇ ಹುಟ್ಟಿಸುತ್ತದೆ. ಖಚಿತಪಡಿಸಲು ಚರ್ಮದ ಚೂರನ್ನು ಇದೇ ಪರೀಕ್ಷೆಗೆ ಒಡ್ಡುತ್ತಾರೆ.

ಇಷ್ಟನ್ನೂ ಕೇಳಿದ ರೈತರು ಮತ್ತೆ ಕೇಳಿದರು: "ಹಂಗಾರ ವರದಿ ಬಂದ್ರ ನನ್ನ ಹೋರಿ ಉಳೀತೈತೇನ್ರಿ?"

ಉಳಿಸುವುದಿಲ್ಲ ಎಂದೇ ಹೇಳಬೇಕಾಯಿತು. ಈ ವೈರಾಣುವನ್ನು ಕೊಲ್ಲುವ ಔಷಧವಿಲ್ಲ. ಜ್ವರ ಇಳಿಸಿ, ಹುಣ್ಣು ತೊಳೆದು ಕಾಯಬೇಕಷ್ಟೆ. ವರದಿಯ ಫಲವೆಲ್ಲ ಇನ್ನೂ ಬೇನೆ ತಗಲದ ದನಗಳಿಗೆ. ರೋಗ ಯಾವುದೆಂದು ಖಚಿತವಾದರೆ ಸುತ್ತಲಿನ ಊರುಗಳ ಆರೋಗ್ಯವಂತ ದನಗಳಿಗೆ ಮೇಕೆಸಿಡುಬಿನ ಲಸಿಕೆ ಹಾಕಬಹುದು. ದಾಯಾದಿಯ ಲಸಿಕೆ ಇಲ್ಲಿ ನೆರವಾಗುತ್ತದೆ. ಆದರೆ ಸೊಳ್ಳೆ, ನೊಣ, ಉಣ್ಣೆಗಳು ವರದಿಗಾಗಿ ಕಾಯುವುದಿಲ್ಲ. ಆದ್ದರಿಂದ ಅಂದೇ ಜೋಡಿಯನ್ನು ಅಗಲಿಸಬೇಕು ಎಂದೆ. ಎಂಟು ವರ್ಷ ಒಂದೇ ಗ್ವಾದಲಿಯಲ್ಲಿ ಮೇವು ತಿಂದ ಜೋಡಿಯದು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹಗ್ಗ ಬಿಚ್ಚಿದರು.

ಬೇನೆಬಿದ್ದ ಹೋರಿ ಬದುಕಲಿಲ್ಲ. ಇನ್ನೊಂದು ಈಗಲೂ ಇದೆ.

ನನ್ನ ಶಿಷ್ಯರಲ್ಲಿ ದನ ಕಟ್ಟಿದವರು ಇನ್ನೂ ಅನೇಕರಿದ್ದೀರಿ. ಗಂಟು ಕಂಡ ದಿನವೇ ಬೇರೆ ಕಟ್ಟಿರಿ, ವೈದ್ಯರಿಗೆ ತಿಳಿಸಿರಿ, ಮಾದರಿ ಕೊಡಲು ಹಿಂಜರಿಯಬೇಡಿರಿ. ಮನುಷ್ಯರಿಗೆ ಅಂಟುವ ರೋಗವಲ್ಲ, ಹೆದರಬೇಕಿಲ್ಲ. ನಿಮ್ಮ ಹಟ್ಟಿಯ ಒಂದು ಹಕ್ಕಳೆ ನಿಮ್ಮ ದನಕ್ಕೆ ನೆರವಾಗದೆ ಹೋದರೂ ನೆರೆಯವರ ದನವನ್ನು ಉಳಿಸೀತು.