ಹಳೆಯ ಯಂತ್ರದ ರಿಪೇರಿ

ಕೆಟ್ಟುಹೋದ ಯಂತ್ರವೊಂದು ಎದುರಿಗೆ ಬಂದಾಗ ಮನುಷ್ಯರ ಸ್ವಭಾವ ಹೊರಬೀಳುತ್ತದೆ. ಕೆಲವರು ಅದರ ತಲೆಯ ಮೇಲೆ ಎರಡು ಸಲ ತಟ್ಟಿ ನೋಡಿ, ಆಗಲೂ ಓಡದಿದ್ದರೆ ಅಟ್ಟಕ್ಕೆ ಏರಿಸಿಬಿಡುತ್ತಾರೆ. ಇನ್ನು ಕೆಲವರಿಗೆ ಅದರ ಹೊಟ್ಟೆಯೊಳಗೆ ಏನಾಗಿದೆ ಎಂದು ನೋಡುವವರೆಗೆ ನಿದ್ರೆ ಬರುವುದಿಲ್ಲ. ನಾನು ಈ ಎರಡನೆಯ ಗುಂಪಿಗೆ ಸೇರಿದವನು.

ಮುತ್ತಿನಕೊಪ್ಪದ ನಮ್ಮ ಮನೆಯಲ್ಲಿ ಒಂದು ಕ್ಯಾಸೆಟ್ ಡೆಕ್ ಇದೆ. 1982ರಲ್ಲಿ ಚಿಕ್ಕಪ್ಪ ಬೆಂಗಳೂರಿನಿಂದ ತಂದದ್ದು. ಆಗಿನ್ನೂ ಕನ್ನಡದ ಮನೆಗಳಿಗೆ ಧ್ವನಿಸುರುಳಿ ಹೊಸತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಅವರು ರಾಗ ಹಾಕಿದ ‘ನಿತ್ಯೋತ್ಸವ’ದ ಸುರುಳಿ 1978ರಲ್ಲಿ ಹೊರಬಂದಿತ್ತು. ಅದನ್ನೂ ಯಕ್ಷಗಾನದ ಸುರುಳಿಗಳನ್ನೂ ಕೇಳಲು ನಮ್ಮ ಜಗುಲಿಯಲ್ಲಿ ಸಂಜೆಯ ಹೊತ್ತು ಹತ್ತು ಜನ ಸೇರುತ್ತಿದ್ದರು. 1984ರಲ್ಲಿ ಅತ್ತೆಯ ಮದುವೆಯಾದಾಗ ಚಿಕ್ಕಪ್ಪ ಈ ಡೆಕ್ಕಿಗೆ ಮೈಕು ಜೋಡಿಸಿ, ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ಒಂದು ಸುರುಳಿಯಲ್ಲಿ ಮುದ್ರಿಸಿಕೊಂಡರು. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದುವು. ಅವರ ದನಿ ಉಳಿದಿರುವುದು ಆ ಒಂದು ಸುರುಳಿಯಲ್ಲಿ ಮಾತ್ರ. ಅದಕ್ಕೆ ಪ್ರತಿ ಇರಲಿಲ್ಲ, ಡೆಕ್ ಓಡುತ್ತಿರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಕೇಳಿದರೆ, ಇಂಥದ್ದನ್ನು ಈಗ ಯಾರೂ ರಿಪೇರಿ ಮಾಡುವುದಿಲ್ಲ ಎಂದುಬಿಟ್ಟರು. ಎಂಬತ್ತು ದಾಟಿದ ಅಪ್ಪನಿಗೆ ತಮ್ಮ ತಾಯಿಯ ದನಿಯನ್ನು ಮತ್ತೊಮ್ಮೆ ಕೇಳುವ ಆಸೆ. ಹೀಗಾಗಿ ಈ ಕೆಲಸ ಮನೆಯಲ್ಲೇ ಆಗಬೇಕಾಯಿತು.

ಒಂದು ಯಂತ್ರವನ್ನು ಬಿಚ್ಚುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದಿರಬೇಕು. ಕ್ಯಾಸೆಟ್ಟನ್ನು ರೂಪಿಸಿದ್ದು ಫಿಲಿಪ್ಸ್ ಸಂಸ್ಥೆಯ ಲೌ ಒಟ್ಟೆನ್ಸ್ ಎಂಬ ಡಚ್ ಎಂಜಿನಿಯರ್ ಮತ್ತು ಅವರ ಸಂಗಡಿಗರು. 1963ರಲ್ಲಿ ಬರ್ಲಿನ್ ನಗರದ ವಸ್ತುಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಅದರೊಳಗಿನ ಟೇಪಿನ ಅಗಲ 3.81 ಮಿಲಿಮೀಟರ್, ಒಂದು ಗಂಟೆಯ ಸುರುಳಿಯಲ್ಲಿ ಅದರ ಉದ್ದ ಸುಮಾರು 90 ಮೀಟರ್. ತೆಳುವಾದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ನವುರಾದ ಲೇಪವಿದೆ. ಹಾಡು ಈ ಲೇಪದ ಕಣಗಳಲ್ಲಿ ಕಾಂತಶಕ್ತಿಯ ರೂಪದಲ್ಲಿ ಅಡಗಿರುತ್ತದೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ‘ಹೆಡ್’ ಎಂಬ ಭಾಗವನ್ನು ಸವರಿಕೊಂಡು ಹೋಗುವಾಗ ಅಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಅದನ್ನೇ ಹಿಗ್ಗಿಸಿದರೆ ನಮಗೆ ಹಾಡು ಕೇಳುತ್ತದೆ. ಟೇಪನ್ನು ಒಂದೇ ವೇಗದಲ್ಲಿ ಎಳೆಯುವುದು, ತಿರುಗುವ ಒಂದು ಸಣ್ಣ ಉಕ್ಕಿನ ಕಡ್ಡಿ ಮತ್ತು ಅದಕ್ಕೆ ಒತ್ತಿಕೊಂಡಿರುವ ರಬ್ಬರಿನ ಉರುಳೆ. ಮೋಟಾರಿನ ಶಕ್ತಿಯನ್ನು ಆ ಕಡ್ಡಿಗೆ ಮುಟ್ಟಿಸುವುದು ರಬ್ಬರಿನ ಬೆಲ್ಟು.

ಇಷ್ಟು ತಿಳಿದರೆ ರೋಗದ ಲಕ್ಷಣದಿಂದಲೇ ಅರ್ಧ ಉತ್ತರ ಸಿಕ್ಕುತ್ತದೆ. ಹಾಡು ಎಳೆದೆಳೆದು ಬಂದರೆ ಬೆಲ್ಟು ಸಡಿಲಾಗಿರಬಹುದು. ಯಂತ್ರ ಟೇಪನ್ನು ‘ತಿಂದರೆ’ ಉರುಳೆ ಗಟ್ಟಿಯಾಗಿರಬೇಕು, ಇಲ್ಲವೆ ಟೇಪನ್ನು ಸುತ್ತಿಕೊಳ್ಳುವ ಬದಿಯ ಚಕ್ರ ತಿರುಗುತ್ತಿರಲಾರದು. ದನಿ ಕಂಬಳಿ ಹೊದ್ದು ಮಾತಾಡಿದಂತೆ ಕೇಳಿದರೆ ಹೆಡ್ಡಿನ ಮೇಲೆ ಕೊಳೆ ಕುಳಿತಿರಬಹುದು. ಗುಂಡಿ ತಿರುಗಿಸುವಾಗ ಕರಕರ ಎಂದರೆ ಅದರೊಳಗೆ ಧೂಳಿದೆ.

ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಿಟ್ಟು ಮುಚ್ಚಳ ತೆಗೆದೆ. ತಂತಿ ಕಿತ್ತ ಮೇಲೂ ಒಳಗಿನ ಕೆಲವು ಭಾಗಗಳಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಆದ್ದರಿಂದ ಮಕ್ಕಳು ಹಿರಿಯರ ನೆರವಿಲ್ಲದೆ ಇಂಥದ್ದಕ್ಕೆ ಕೈ ಹಾಕಬಾರದು. ಬಿಚ್ಚಿದ ಸ್ಕ್ರೂಗಳನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿಟ್ಟೆ. ಬೆಲ್ಟು ಕರಗಿ ಡಾಂಬರಿನಂತೆ ಚಕ್ರಗಳಿಗೆ ಅಂಟಿಕೊಂಡಿತ್ತು. ಅದನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಹಳೆಯ ಬೆಲ್ಟಿನ ಅಳತೆ ಸಿಕ್ಕುವಂತಿರಲಿಲ್ಲ. ಚಕ್ರಗಳ ಸುತ್ತ ಒಂದು ದಾರ ಸುತ್ತಿ ಅಳೆದು, ಅದಕ್ಕಿಂತ ತುಸು ಚಿಕ್ಕದಾದ ಬೆಲ್ಟನ್ನು ಬೆಂಗಳೂರಿನಿಂದ ತರಿಸಿದೆ. ಹೊಸ ಬೆಲ್ಟು ಚಕ್ರಗಳನ್ನು ಹಿಡಿಯಬೇಕಾದರೆ ಸ್ವಲ್ಪ ಬಿಗಿಯಾಗಿರಬೇಕು. ತೀರ ಬಿಗಿಯಾದರೆ ಮೋಟಾರು ದಣಿಯುತ್ತದೆ. ಹೆಡ್ಡನ್ನೂ ಉಕ್ಕಿನ ಕಡ್ಡಿಯನ್ನೂ ಉರುಳೆಯನ್ನೂ ಒರೆಸಿದಾಗ ಹತ್ತಿಗೆ ಕಂದು ಬಣ್ಣ ಹತ್ತಿತು. ಎಷ್ಟೋ ಹಾಡುಗಳಿಂದ ಉದುರಿದ ಆಕ್ಸೈಡು ಅದು.

ಡೆಕ್ ಓಡತೊಡಗಿದ ಕೂಡಲೆ ಅಜ್ಜಿಯ ಸುರುಳಿಯನ್ನು ಹಾಕೋಣವೆನ್ನಿಸಿತು. ಅಪ್ಪ ತಡೆದರು. “ಅದನ್ನು ಈಗಲೇ ಹಾಕಬೇಡ ಮಾರಾಯ. ಮೊದಲು ಹೋದರೆ ಹೋಗಲಿ ಎನ್ನುವಂಥದ್ದನ್ನು ಹಾಕಿ ನೋಡು” ಎಂದರು. ಗದ್ದೆಗೆ ಹೊಸ ತಳಿ ತಂದಾಗ ಒಂದು ಮೂಲೆಯಲ್ಲಿ ಮಾತ್ರ ಬಿತ್ತಿ ನೋಡುವ ರೈತನ ಬುದ್ಧಿ ಅದು. ಮೂರು ದಿನ ಬೇರೆ ಸುರುಳಿಗಳನ್ನು ಓಡಿಸಿದೆವು. ಹಾಡಿನ ಅವಧಿಯನ್ನು ಡಬ್ಬದ ಮೇಲೆ ಅಚ್ಚು ಮಾಡಿದ್ದ ಒಂದು ಸುರುಳಿ ಹಾಕಿ, ಗಡಿಯಾರ ಹಿಡಿದು ವೇಗವನ್ನು ಸರಿಹೊಂದಿಸಿದೆವು.

ಆ ನಡುವೆ ಅಜ್ಜಿಯ ಸುರುಳಿಗೂ ಚಿಕಿತ್ಸೆ ಬೇಕಾಗಿತ್ತು. ಮಲೆನಾಡಿನ ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿಯ ಬೂಸಲು ಹಿಡಿದಿತ್ತು. ಅಡಕೆ, ಮೆಣಸು ಇಡುವಂತೆ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ತೇವವೇನೋ ತಾಗದು, ಆದರೆ ಶಾಖಕ್ಕೆ ಟೇಪು ಮುದುಡುತ್ತದೆ. ಬೂಸಲನ್ನು ಒಣ ಬಟ್ಟೆಯಿಂದ ಮೆಲ್ಲನೆ ಒರೆಸಿದೆ. ಟೇಪನ್ನು ಹೆಡ್ಡಿಗೆ ಒತ್ತುವ ಉಣ್ಣೆಯ ಮೆತ್ತೆ ಉದುರಿಹೋಗಿದ್ದುದರಿಂದ, ಟೇಪಿನ ಸುತ್ತುಗಳನ್ನು ಹಾಗೆಯೇ ಎತ್ತಿ ಇನ್ನೊಂದು ಕ್ಯಾಸೆಟ್ಟಿನ ಡಬ್ಬದೊಳಗೆ ಇರಿಸಿದೆ. ಅದರ ಬೆನ್ನಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದೆ. ಅವು ಇಲ್ಲದ ಸುರುಳಿಯ ಮೇಲೆ ಡೆಕ್ ಹೊಸದಾಗಿ ಏನನ್ನೂ ಮುದ್ರಿಸುವುದಿಲ್ಲ.

ನಾಲ್ಕನೆಯ ದಿನ ಸುರುಳಿ ಹಾಕಿದೆವು. ಒಂದಷ್ಟು ಗದ್ದಲ, ಪಾತ್ರೆಯ ಸದ್ದು, ಯಾರೋ ಮಕ್ಕಳನ್ನು ಗದರಿಸಿದ್ದು, ಆಮೇಲೆ ಸೋಬಾನೆ. ಅಪ್ಪ ಎರಡು ನಿಮಿಷ ಕೇಳಿ, “ನಮ್ಮಮ್ಮನ ದನಿ ಇಷ್ಟು ದಪ್ಪ ಇರಲಿಲ್ಲ” ಎಂದರು. ಗಡಿಯಾರದ ಪ್ರಕಾರ ವೇಗ ಸರಿಯಿತ್ತು. ಮದುವೆಯ ದಿನ ಡೆಕ್ ತುಸು ಬೇಗ ಓಡಿದ್ದಿರಬೇಕು. ಹಾಗಿದ್ದರೆ ಈಗಲೂ ಅಷ್ಟೇ ಬೇಗ ಓಡಿಸಬೇಕು. ಮೋಟಾರಿನ ವೇಗದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಒಂದು ಜಾಗದಲ್ಲಿ ಅಪ್ಪ ಕೈ ಎತ್ತಿದರು. ಅಲ್ಲಿಗೇ ನಿಲ್ಲಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಸುರುಳಿ ಮುಗಿಯುವವರೆಗೆ ಕೇಳಿದರು.

ಅದೇ ದಿನ ಆ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿ, ಮನೆಯವರಿಗೆಲ್ಲ ಒಂದೊಂದು ಪ್ರತಿ ಕಳುಹಿಸಿದೆ. ಹನ್ನೊಂದು ಹಾಡುಗಳಲ್ಲಿ ನಾಲ್ಕು ಮಾತ್ರ ಅತ್ತೆಗೆ ನೆನಪಿದ್ದುವು. ಉಳಿದ ಏಳನ್ನು ನನ್ನ ಮಗಳು ಕೇಳಿ ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಅರ್ಥವಾಗದ ಮಾತುಗಳ ಕೆಳಗೆ ಗೆರೆ ಎಳೆದಿಟ್ಟು, ಸಂಜೆ ಅಪ್ಪನ ಬಳಿಗೆ ಹೋಗಿ ಕೇಳುತ್ತಾಳೆ.